ಹೊಟ್ಟಿನ ಒಲೆ ಕಲಿಸಿದವರು

ಹೊನ್ನಾಳಿಯ ತಗಡಿನ ಕೆಲಸದ ಸಣ್ಣತಿಮ್ಮಪ್ಪನಿಗೆ ಒಂದು ಹುಚ್ಚಿತ್ತು. ಅವನು ಮಾಡಿದ ಹೊಟ್ಟಿನ ಒಲೆಯನ್ನು ಯಾರೇ ಕೊಳ್ಳಲು ಬರಲಿ, ‘ಇದು ನನ್ನ ಬುದ್ಧಿ ಅಲ್ರೀ, ಜಗಳೂರಿನ ಓಬಳಪ್ಪನೋರು ಕಲಿಸಿದ್ದು’ ಎಂದು ಹೇಳದೆ ಒಲೆಯನ್ನು ಅವರ ಕೈಗೆ ಕೊಡುತ್ತಿರಲಿಲ್ಲ. ಕೊಳ್ಳುವವರಿಗೆ ಅದೆಲ್ಲ ಯಾಕೆ ಬೇಕು? ‘ಆಯ್ತಪ್ಪ, ಕೊಡು ಮಾರಾಯ, ಬಸ್ಸಿಗೆ ಹೊತ್ತಾಯ್ತು’ ಎನ್ನುತ್ತಿದ್ದರು. ಆಸಾಮಿ ಬಿಡುತ್ತಿರಲಿಲ್ಲ. ಬಸ್ಸು ಹೋದರೆ ಹೋಗಲಿ, ಓಬಳಪ್ಪನ ಹೆಸರನ್ನು ಅವರ ಕಿವಿಗೆ ಹಾಕಿಯೇ ಕಳಿಸಬೇಕು. ನ್ಯಾಮತಿ ಸಂತೆಯಲ್ಲಂತೂ ಅವನು ಬಾಯಿ ತೆಗೆಯುವ ಮುಂಚೆಯೇ ಹುಡುಗರೆಲ್ಲ ‘ಓಬಳಪ್ಪನೋರು ಕಲಿಸಿದ್ದು!’ ಎಂದು ಕೂಗಿ ಓಡುತ್ತಿದ್ದರು. ಅವನಿಗೆ ಸಿಟ್ಟೇ ಬರುತ್ತಿರಲಿಲ್ಲ. ಹೆಸರು ಊರಿಗೆಲ್ಲ ಗೊತ್ತಾಯಿತಲ್ಲ ಎಂದು ಖುಷಿ.

ಈ ಹುಚ್ಚು ಅಂಟಿದ್ದು ಅವನ ಉಸ್ತಾದರಿಂದ. ಸಣ್ಣತಿಮ್ಮಪ್ಪ ದಾವಣಗೆರೆಯಲ್ಲಿ ಖಾಸಿಂ ಸಾಬರೆಂಬ ಹಿರಿಯರ ಕೈಕೆಳಗೆ ತಗಡು ಕತ್ತರಿಸಿ, ಬೆಸುಗೆ ಹಾಕಿ ಬೆಳೆದವನು. ಆ ಅಂಗಡಿಯಲ್ಲಿ ಒಂದು ಕಟ್ಟಳೆ ಇತ್ತು. ಹೊಸ ಕೆಲಸವನ್ನು ಯಾರಿಂದ ಕಲಿತೆಯೋ ಅವರ ಕೈಯಿಂದ ಎರಡು ಎಲೆ, ಒಂದು ಅಡಕೆ ಇಸಕೊಂಡು ಕಣ್ಣಿಗೊತ್ತಿಕೊಳ್ಳಬೇಕು. ಆಮೇಲೆ ವರ್ಷಕ್ಕೊಮ್ಮೆ ಹೋಗಿ ಕೈಮುಗಿದು ಬರಬೇಕು. ‘ವೀಳ್ಯ ತಗೊಳ್ದೆ ಮಾಡಿದ ಕೆಲಸ ಕದ್ದ ಮಾಲು ಬೇಟಾ, ಅದು ಕೈಗೆ ಹತ್ತಂಗಿಲ್ಲ’ ಎಂದು ಸಾಬರು ಹೇಳುತ್ತಿದ್ದರು. ಸಾಬರು ಮಣ್ಣಾಗಿ ಎಷ್ಟೋ ವರ್ಷವಾಗಿತ್ತು. ಸಣ್ಣತಿಮ್ಮಪ್ಪ ಮಾತ್ರ ಅವರು ಬೆನ್ನ ಹಿಂದೆಯೇ ಕೂತು ನೋಡುತ್ತಿದ್ದಾರೆಂಬ ಹಾಗೆ ಬದುಕುತ್ತಿದ್ದ.

ಓಬಳಪ್ಪ ಅವನಿಗೆ ಗಂಟುಬಿದ್ದದ್ದು ಮೂವತ್ತೆಂಟನೆಯ ಇಸವಿಯ ಬೇಸಗೆಯಲ್ಲಿ. ಬುಡ್ಡಿ, ಲಾಳಿಕೆ, ಎಣ್ಣೆ ಅಳೆಯುವ ಪಾವು, ಇವನ್ನೆಲ್ಲ ಗೋಣಿಗೆ ತುಂಬಿಕೊಂಡು ಸಣ್ಣತಿಮ್ಮಪ್ಪ ಜಗಳೂರು ಸಂತೆಗೆ ಹೋಗಿದ್ದ. ಆ ಬಿಸಿಲನ್ನು ಬಲ್ಲವರೇ ಬಲ್ಲರು. ಮಧ್ಯಾಹ್ನ ನೀರು ಕೇಳಿಕೊಂಡು ಒಂದು ಮನೆಯ ಜಗಲಿ ಹತ್ತಿದ. ಓಬಳಪ್ಪನ ಮನೆ ಅದು. ಎಪ್ಪತ್ತು ಕುರಿ, ಒಂದಿಷ್ಟು ಶೇಂಗಾ ಹೊಲ, ಮುಖದ ತುಂಬ ಮೀಸೆ, ಬಾಯಿ ತುಂಬ ಮಾತು. ‘ಬಾರಪ್ಪ ಬಾ, ಉಂಡೇ ಹೋಗು’ ಎಂದು ಒಳಕ್ಕೆ ಕರೆದ. ಕೈಕಾಲು ತೊಳೆಯಲು ಹಿತ್ತಲಿಗೆ ಹೋದ ಸಣ್ಣತಿಮ್ಮಪ್ಪ ಅಲ್ಲೇ ನಿಂತುಬಿಟ್ಟ.

ಕಂಠ ಒಡೆದ ಹಳೆಯ ಗಡಿಗೆಯೊಂದಿತ್ತು. ಅದರ ತುಂಬ ಶೇಂಗಾದ ಹೊಟ್ಟು ಗಟ್ಟಿಯಾಗಿ ತುಂಬಿತ್ತು. ನಡುವೆ ಒನಕೆ ಗಾತ್ರದ ಒಂದು ತೂತು, ಗಡಿಗೆಯ ಬುಡದ ಪಕ್ಕದಲ್ಲಿ ಇನ್ನೊಂದು ತೂತು. ಮೇಲೆ ಮೂರು ಕಲ್ಲು, ಕಲ್ಲಿನ ಮೇಲೆ ಮುದ್ದೆಯ ಎಸರು. ಒಳಗೆ ನೀಲಿ ಉರಿ ತನ್ನಷ್ಟಕ್ಕೆ ತಾನು ಉರಿಯುತ್ತಿತ್ತು. ಊದುವವರಿಲ್ಲ, ಸೌದೆ ಒಡ್ಡುವವರಿಲ್ಲ, ಹೊಗೆಯೇ ಇಲ್ಲ. ಜಗಳೂರಿನಲ್ಲಿ ಸೌದೆಗೆ ಎಂದೂ ಬರ. ಅಂಥ ಊರಿನಲ್ಲಿ ತಿಪ್ಪೆಗೆ ಸುರಿಯುವ ಹೊಟ್ಟಿನಲ್ಲಿ ಎಸರು ಕುದಿಯುತ್ತಿತ್ತು! ಸಣ್ಣತಿಮ್ಮಪ್ಪನಿಗೆ ತಕ್ಷಣ ನೆನಪಾದದ್ದು ಹೆಂಡತಿ ದ್ಯಾಮಮ್ಮ. ಹಸಿ ಸೌದೆಯ ಹೊಗೆ ಕುಡಿದು ಕುಡಿದು ಕೆಮ್ಮು ಹತ್ತಿಸಿಕೊಂಡಿದ್ದಳು. ಮಲಗಿದರೆ ಕೆಮ್ಮು, ಎದ್ದರೆ ಕೆಮ್ಮು. ಪಂಡಿತರ ಕಷಾಯವೆಲ್ಲ ಮುಗಿದಿತ್ತು.

‘ಓಬಳಪ್ಪಣ್ಣ, ಏನಿದು?’ ಎಂದ.

‘ಅದಾ? ನಮ್ಮನೆ ಒಲೆ’ ಎಂದ ಓಬಳಪ್ಪ, ಮೀಸೆಯ ಮೇಲೆ ಕೈಯಾಡಿಸುತ್ತ. ‘ನೋಡ್ಕ, ನೋಡ್ಕ. ನಡುವೆ ಒನಕೆ ನಿಲ್ಲಿಸೋದು, ಬುಡದಾಗೆ ಊದುಗೊಳವೆ ತೂರಿಸೋದು, ಸುತ್ತ ಹೊಟ್ಟು ಗಿಡಿಯೋದು. ಆಮ್ಯಾಲೆ ಎರಡೂ ಕಿತ್ತು, ಬುಡದಾಗೆ ಕಿಡಿ ಇಟ್ಟರೆ ಮುಗೀತು. ಎರಡು ಹೊತ್ತಿನ ಅಡುಗೆ.’

ಪಕ್ಕದಲ್ಲೇ ಒಬ್ಬ ಹೆಂಗಸು ಮೊರದಲ್ಲಿ ಶೇಂಗಾ ಕೇರುತ್ತ ಕೂತಿದ್ದಳು. ಓಬಳಪ್ಪನ ಹೆಂಡತಿ ಗಾದ್ರಮ್ಮ. ಆಕೆ ಒಮ್ಮೆ ತಲೆಯೆತ್ತಿ ಗಂಡನನ್ನು ನೋಡಿ, ಮತ್ತೆ ಕೇರತೊಡಗಿದಳು. ಸಣ್ಣತಿಮ್ಮಪ್ಪ ಆ ಕಡೆ ಕಣ್ಣೆತ್ತಲಿಲ್ಲ. ಪರರ ಮನೆಯ ಹೆಂಗಸನ್ನು ಮಾತಾಡಿಸುವುದು ಎಲ್ಲಿಯ ಮರ್ಯಾದೆ? ಮನೆಗೆ ಯಜಮಾನನಿದ್ದ, ಯಜಮಾನ ಹೇಳಿದ, ಮುಗಿಯಿತು. ನಮ್ಮ ಕಡೆ ಗಂಡಸರು ಮರ್ಯಾದೆಯ ಹೆಸರಿನಲ್ಲಿ ಮಾಡುವ ತಪ್ಪುಗಳನ್ನು ಬರೆಯುತ್ತ ಕೂತರೆ ಕಾಗದ ಸಾಲದು, ಬಿಡಿ. ಅವನು ಆಗಲೇ ಸಂತೆಗೆ ಓಡಿಹೋಗಿ ಎಲೆ ಅಡಕೆ ತಂದು, ಓಬಳಪ್ಪನ ಕೈಗೆ ಕೊಟ್ಟು, ಮತ್ತೆ ಅದೇ ಕೈಯಿಂದ ಇಸಕೊಂಡು, ಕಣ್ಣಿಗೊತ್ತಿಕೊಂಡು, ಕಾಲಿಗೂ ಬಿದ್ದ. ಓಬಳಪ್ಪನಿಗೆ ಗಾಬರಿ. ಒಲೆ ನೋಡಿದ್ದಕ್ಕೆ ಯಾರಾದರೂ ಕಾಲಿಗೆ ಬೀಳುತ್ತಾರೆಯೇ? ಆದರೂ ಕಾಲಿಗೆ ಬಿದ್ದವನನ್ನು ಬೇಡವೆನ್ನಲು ಮನಸ್ಸಾಗಬೇಕಲ್ಲ. ‘ಒಳ್ಳೇದಾಗಲಿ’ ಎಂದು ಬೆನ್ನು ತಟ್ಟಿದ.

ಹೊನ್ನಾಳಿಗೆ ಬಂದವನೇ ಸಣ್ಣತಿಮ್ಮಪ್ಪ ಸೀಮೆಎಣ್ಣೆಯ ಖಾಲಿ ಡಬ್ಬಿಯೊಂದನ್ನು ಕತ್ತರಿಸಿ ಒಲೆ ಮಾಡಿದ. ಗಡಿಗೆಯ ಬದಲು ತಗಡು, ಮೂರು ಕಲ್ಲಿನ ಬದಲು ಮೂರು ಕಬ್ಬಿಣದ ಗುಬುಟು, ಎತ್ತಲು ಎರಡು ಹಿಡಿ. ಮರ ಕೊಯ್ಯುವ ಮಿಲ್ಲಿನಿಂದ ಗರಗಸದ ಪುಡಿ ತಂದು ತುಂಬಿದ. ದ್ಯಾಮಮ್ಮ ಅನುಮಾನದಿಂದಲೇ ಕಿಡಿಯಿಟ್ಟಳು. ಒಂದು ತಿಂಗಳಲ್ಲಿ ಕೆಮ್ಮು ಇಳಿಯಿತು. ಎರಡು ತಿಂಗಳಿಗೆ ಹೋಯಿತು. ಗಂಡ ಹೆಂಡತಿ ಇಬ್ಬರೂ ಕಣ್ತುಂಬ ನಿದ್ದೆ ಮಾಡಿದ ಮಾರನೆಯ ದಿನ ಸಣ್ಣತಿಮ್ಮಪ್ಪ ಜಗಳೂರು ದಿಕ್ಕಿಗೆ ತಿರುಗಿ ನಿಂತು, ಅಂಗಳದಲ್ಲೇ ಕೈಮುಗಿದ. ನೆರೆಯವರು ಇವನಿಗೇನಾಯಿತಪ್ಪ ಎಂದು ನಕ್ಕರು. ನಗಲಿ. ಹೆಂಡತಿಯ ಉಸಿರು ಸಲೀಸಾದ ಸುಖ ಅವರಿಗೇನು ಗೊತ್ತು.

ಆಮೇಲೆ ಯುದ್ಧ ಬಂತು. ಸೀಮೆಎಣ್ಣೆಗೆ ಚೀಟಿ, ಸೌದೆಗೆ ಬೆಂಕಿಯಂಥ ಬೆಲೆ, ಬಸ್ಸುಗಳೇ ಹಿಂದುಗಡೆ ಇದ್ದಿಲ ಒಲೆ ಕಟ್ಟಿಕೊಂಡು ಏದುಸಿರು ಬಿಡುತ್ತ ಓಡಾಡುವ ಕಾಲ. ಹೊಟ್ಟಿನ ಒಲೆಗೆ ಎಲ್ಲಿಲ್ಲದ ಗಿರಾಕಿ. ಹೊನ್ನಾಳಿ, ನ್ಯಾಮತಿ ದಾಟಿ ಚನ್ನಗಿರಿ ಸೀಮೆಗೂ ಹೋಯಿತು. ಚನ್ನಗಿರಿಯ ಅಡಕೆ ವ್ಯಾಪಾರದ ವಿರೂಪಾಕ್ಷಪ್ಪನವರಿಗೆ ಸೀಮೆಎಣ್ಣೆಯ ಏಜೆನ್ಸಿಯೂ ಇತ್ತು. ಖಾಲಿ ಡಬ್ಬಿಯೆಂಬುದು ಚಿನ್ನದಂತಾಗಿದ್ದ ಆ ದಿನಗಳಲ್ಲಿ ಅವರೇ ಡಬ್ಬಿ ಕೊಡುತ್ತಿದ್ದರು, ಅವರೇ ಒಲೆ ಕೊಂಡು ಮಾರುತ್ತಿದ್ದರು. ಸಣ್ಣತಿಮ್ಮಪ್ಪ ಪ್ರತಿ ವರ್ಷ ಯುಗಾದಿ ಕಳೆದ ವಾರ ಒಂದು ಪಂಚೆ, ಒಂದು ರುಮಾಲು, ತೆಂಗಿನಕಾಯಿ ಹಿಡಿದು ಜಗಳೂರಿಗೆ ಹೋಗಿ ಓಬಳಪ್ಪನಿಗೆ ಉಡಿಸಿ, ಊಟ ಮಾಡಿ ಬರುತ್ತಿದ್ದ. ಬಡಿಸುತ್ತಿದ್ದವಳು ಗಾದ್ರಮ್ಮ. ಅವನ ಬಾಯಿಂದ ಆಕೆಗೆ ಹೋಗುತ್ತಿದ್ದ ಮಾತು ‘ಸಾಕಮ್ಮ, ಸಾಕು’ ಅಷ್ಟೇ. ಹೀಗೆ ಏಳು ಯುಗಾದಿ.

ನಲವತ್ತೈದನೆಯ ಇಸವಿಯ ಕೊನೆಗೆ ಗ್ರಹಚಾರ ಕೆಟ್ಟಿತು. ಮರದ ಮಿಲ್ಲು ನಿಂತು ಗರಗಸದ ಪುಡಿ ಸಿಗದಾಯಿತು. ಜನ ಭತ್ತದ ಹೊಟ್ಟು ತುಂಬಲು ಹೋದರು. ಚನ್ನಗಿರಿ ಸೀಮೆಯಲ್ಲಿ ಭತ್ತದ ಹೊಟ್ಟಿಗೇನು ಕಡಿಮೆ? ಆದರೆ ಅದು ಜಾರುವ ಜಾತಿ. ಒನಕೆ ಕಿತ್ತ ಕೂಡಲೇ ತೂತು ಕುಸಿಯುವುದು, ಉರಿ ಆರುವುದು, ಮನೆ ತುಂಬ ಹೊಗೆ. ಕತ್ತಲಗೆರೆಯ ಚೌಡಮ್ಮ ಎಂಬಾಕೆ ಒಲೆಯನ್ನು ಹೊತ್ತುಕೊಂಡು ಚನ್ನಗಿರಿಗೇ ಬಂದು, ವಿರೂಪಾಕ್ಷಪ್ಪನವರ ಅಂಗಡಿಯ ಮುಂದೆ ಕುಕ್ಕಿ, ‘ಇದನ್ನ ನಿಮ್ಮ ಮನ್ಯಾಗೇ ಹಚ್ಚಿ ನೋಡ್ರಿ ಸಾವ್ಕಾರ್ರೇ, ಗಡ್ಡ ಮೀಸೆ ಎಲ್ಲ ಕರ್ರಗಾಗ್ತದೆ’ ಎಂದು ಬಜಾರಿನ ಮುಂದೆ ಮರ್ಯಾದೆ ತೆಗೆದಳು. ಅದೇ ಹೊತ್ತಿಗೆ ಸಂಕ್ರಾಂತಿ ಕಳೆದ ಮೇಲೆ ಚನ್ನಗಿರಿಯಲ್ಲಿ ಊರ ವರ್ತಕರೆಲ್ಲ ಸೇರಿ ಕೈಕಸುಬಿನ ಪ್ರದರ್ಶನ ಇಡುವುದೆಂದು ಗೊತ್ತಾಗಿತ್ತು. ಅಮಲ್ದಾರರು ಬರುವವರಿದ್ದರು, ಎಲ್ಲಕ್ಕಿಂತ ಉಪಯೋಗದ ವಸ್ತುವಿಗೆ ಯೋಗ್ಯತಾಪತ್ರ. ವಿರೂಪಾಕ್ಷಪ್ಪನವರು ಸಣ್ಣತಿಮ್ಮಪ್ಪನಿಗೆ ಹೇಳಿಕಳಿಸಿದರು.

‘ನೋಡು ತಿಮ್ಮಪ್ಪ, ಅಮಲ್ದಾರ್ರ ಮುಂದೆ ಭತ್ತದ ಹೊಟ್ಟಿನಾಗೆ ಅನ್ನ ಬೇಯಬೇಕು. ಹೆಂಗೆ ಮಾಡ್ತೀಯೋ ನಂಗೊತ್ತಿಲ್ಲ. ಇನ್ನೊಂದು ಮಾತು. ಅರ್ಜಿಯಾಗೆ ತಯಾರು ಮಾಡಿದೋರು ಅಂತ ನಿನ್ನ ಹೆಸರು ಬರ್ಕೋ. ಕಂಡುಹಿಡಿದೋರು ಅನ್ನೋ ಜಾಗದಾಗೆ ನನ್ನ ಹೆಸರು ಇರಲಿ.’

‘ಅದು ಓಬಳಪ್ಪನೋರು…’

‘ಯಾವ ಓಬಳಪ್ಪನಯ್ಯಾ? ಡಬ್ಬಿ ಕೊಟ್ಟೋನು ನಾನು. ಊರೂರಿಗೆ ಮುಟ್ಟಿಸಿದೋನು ನಾನು. ನಾನಿಲ್ಲದಿದ್ರೆ ಆ ಒಲೆ ನಿನ್ನ ದ್ಯಾಮಮ್ಮನ ಅಡುಗೆಮನ್ಯಾಗೇ ಇರ್ತಿತ್ತು. ಡಬ್ಬಿ ಬೇಕೋ ಬ್ಯಾಡೋ?’

ಸಾಹುಕಾರರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಸಂಕಟ ಇದ್ದದ್ದೇ ಅಲ್ಲಿ. ಡಬ್ಬಿ ನಿಂತರೆ ಅವನ ಕತ್ತರಿಗೆ ತುಕ್ಕು ಹಿಡಿಯುತ್ತಿತ್ತು. ಹೂಂ ಎನ್ನದೆ, ಊಹೂಂ ಎನ್ನದೆ ಮನೆಗೆ ಬಂದ. ಮೂರು ದಿನ ಭತ್ತದ ಹೊಟ್ಟಿನೊಂದಿಗೆ ಗುದ್ದಾಡಿದ. ಹದಿನಾರು ಸಲ ತುಂಬಿದ, ಹದಿನಾರು ಸಲವೂ ಕುಸಿಯಿತು.

‘ಜಗಳೂರಿಗೆ ಹೋಗಿ ಓಬಳಪ್ಪಣ್ಣನ್ನ ಕೇಳಿ ಬರ್ತೀನಿ’ ಎಂದ.

ದ್ಯಾಮಮ್ಮ ಅಕ್ಕಿ ಆರಿಸುತ್ತಿದ್ದವಳು ನಕ್ಕಳು. ‘ಅಲ್ರೀ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಆ ಓಬಳಪ್ಪನೋರು ಅಡುಗೆ ಮಾಡ್ತಾರೇನು?’

‘ಏನು ಮಾತು ಅಂತ ಆಡ್ತೀಯ? ಮೀಸೆ ಇರೋ ಗಂಡಸು!’

‘ಅದಕ್ಕೇ ಕೇಳಿದ್ದು. ನೀವೂ ಗಂಡಸರೇ. ಇಷ್ಟು ವರ್ಷ ಒಲೆ ಮಾಡ್ತೀರಿ, ಒಂದು ದಿನವಾದರೂ ಅದರ ಮುಂದೆ ಕೂತು ಬೇಯಿಸೀರಾ?’

ಸಣ್ಣತಿಮ್ಮಪ್ಪ ಉರಿದುಬಿದ್ದ. ಗುರುವಿಗೆ ಅಂದರೆ ತನಗೇ ಅಂದಂತೆ. ಚೀಲ ಹೆಗಲಿಗೆ ಹಾಕಿ, ಒಂದು ಖಾಲಿ ಒಲೆಯನ್ನೂ ಒಂದು ಮೂಟೆ ಭತ್ತದ ಹೊಟ್ಟನ್ನೂ ಇದ್ದಿಲ ಬಸ್ಸಿನ ನೆತ್ತಿಗೆ ಹಾಕಿಸಿ, ದಾವಣಗೆರೆ ಮೇಲೆ ಜಗಳೂರಿಗೆ ಹೊರಟ. ಆದರೆ ಹೆಂಡತಿ ಬಿಟ್ಟ ಆ ಹುಳ ದಾರಿಯುದ್ದಕ್ಕೂ ತಲೆಯೊಳಗೆ ಕೊರೆಯಿತು.

ಓಬಳಪ್ಪ ಎಂದಿನಂತೆ ಬಾಯ್ತುಂಬ ಕರೆದ. ವಿಷಯವೆಲ್ಲ ಕೇಳಿ, ಒಲೆಯ ಸುತ್ತ ಎರಡು ಸುತ್ತು ಬಂದ, ಮೀಸೆ ತಿರುವಿದ. ಹೊಟ್ಟನ್ನು ಮುಷ್ಟಿಯಲ್ಲಿ ಹಿಡಿದು ಉದುರಿಸಿದ. ‘ಇದು… ಇದನ್ನ ಚೆನ್ನಾಗಿ ಗಿಡೀಬೇಕು’ ಎಂದ. ಗಿಡಿದರು. ಕುಸಿಯಿತು. ‘ಇನ್ನೂ ಜೋರಾಗಿ.’ ಕುಸಿಯಿತು. ‘ಮನೆದೇವರನ್ನ ನೆನೆಸಿಕೊಂಡು ಕಿತ್ತು ನೋಡು.’ ಮನೆದೇವರನ್ನೂ ನೆನೆಸಿದ್ದಾಯಿತು. ಹೊಟ್ಟಿಗೆ ದೇವರ ಭಯವೂ ಇರಲಿಲ್ಲ, ಕುಸಿಯಿತು. ಓಬಳಪ್ಪನ ಹಣೆಯಲ್ಲಿ ಬೆವರು. ಸಣ್ಣತಿಮ್ಮಪ್ಪ ಅವನ ಮುಖವನ್ನೇ ನೋಡುತ್ತಿದ್ದ.

‘ಸಗಣಿ ನೀರು ಚಿಮುಕಿಸಬೇಕು’ ಎಂದಿತು ಹಿಂದಿನಿಂದ ಒಂದು ದನಿ.

ಗಾದ್ರಮ್ಮ ಮಜ್ಜಿಗೆ ತಂದು ನಿಂತಿದ್ದಳು. ಚೊಂಬನ್ನು ಕೆಳಗಿಟ್ಟು, ಸೆರಗು ಸಿಕ್ಕಿಸಿ ಕೂತಳು. ಸಗಣಿಯನ್ನು ನೀರಿನಲ್ಲಿ ಕದಡಿ ಹೊಟ್ಟಿನ ಮೇಲೆ ಚಿಮುಕಿಸಿ, ಎರಡೂ ಕೈಯಲ್ಲಿ ಉಜ್ಜಿದಳು. ಒಂದು ಹಿಡಿ ಬೂದಿ ಬೆರೆಸಿದಳು. ಒನಕೆ ನಿಲ್ಲಿಸಿ ಸುತ್ತ ತುಂಬುತ್ತ, ನಾಲ್ಕು ಬೆರಳಷ್ಟು ತುಂಬಿದಾಗಲೆಲ್ಲ ಒನಕೆಯನ್ನು ಒಂದು ಸುತ್ತು ತಿರುವಿ ಬಿಡುತ್ತಿದ್ದಳು. ‘ಕೀಳಾಕೆ ಹೋಗಬಾರದು, ತಿರುಗಿಸ್ತಾ ತಿರುಗಿಸ್ತಾ ಎತ್ತಬೇಕು. ಎತ್ತಿದ ಮ್ಯಾಲೆ ಒಂದು ಹೊತ್ತು ಬಿಸಿಲಿಗೆ ಬಿಡು. ನನ್ನ ತವರು ನ್ಯಾಮತಿ ಕಡೆ, ಭತ್ತದ ಹೊಟ್ಟಿನ ಗುಣ ನಂಗೊತ್ತು.’

ಒನಕೆ ಮೇಲೆ ಬಂತು. ತೂತು ಅಲುಗಲಿಲ್ಲ. ಒಳಗೋಡೆ ಸಾರಿಸಿದ ನೆಲದ ಹಾಗೆ ನುಣ್ಣಗೆ ನಿಂತಿತ್ತು.

ಸಣ್ಣತಿಮ್ಮಪ್ಪ ತೂತಿನೊಳಗೆ ಬಗ್ಗಿ ನೋಡಿದ. ಆಮೇಲೆ, ‘ಅಮ್ಮ, ಆ ಮೊದಲನೇ ಗಡಿಗೆ ಒಲೆ…’ ಎಂದ.

‘ನಾನೇ ಮಾಡಿದ್ದು’ ಎಂದಳು ಗಾದ್ರಮ್ಮ, ಇವತ್ತು ಬಿಸಿಲು ಜಾಸ್ತಿ ಎಂಬಷ್ಟೇ ಸಲೀಸಾಗಿ. ‘ಮದುವೆ ಆಗಿ ಇಲ್ಲಿಗೆ ಬಂದಾಗ ಒಂದು ಕಡ್ಡಿ ಸೌದೆಗೆ ಹರದಾರಿ ನಡೀಬೇಕಿತ್ತು. ಕಣ್ಣ ಮುಂದೆ ಶೇಂಗಾ ಹೊಟ್ಟು ಗುಡ್ಡೆ ಬಿದ್ದಿರ್ತಿತ್ತು. ಹಂಗೇ ಹಾಕಿದ್ರೆ ಬರೀ ಹೊಗೆ. ಗಾಳಿ ಹೋಗಾಕೆ ದಾರಿ ಬೇಕು ಅನ್ನಿಸ್ತು. ಮಾಡ್ತಾ ಕೆಡಿಸ್ತಾ, ಒಂದು ಮಳೆಗಾಲ ಹಿಡೀತು. ಹನ್ನೊಂದು ಗಡಿಗೆ ಸೀಳು ಬಿಟ್ಟವು. ಅತ್ತೆ ಬೈದದ್ದು ಲೆಕ್ಕ ಇಲ್ಲ.’

ಸಣ್ಣತಿಮ್ಮಪ್ಪ ಓಬಳಪ್ಪನ ಕಡೆ ತಿರುಗಿದ. ಓಬಳಪ್ಪ ರುಮಾಲು ಬಿಚ್ಚಿ ಮುಖ ಒರೆಸಿಕೊಳ್ಳುತ್ತಿದ್ದ. ಹೋದ ಯುಗಾದಿಗೆ ಸಣ್ಣತಿಮ್ಮಪ್ಪನೇ ಸುತ್ತಿದ ರುಮಾಲು ಅದು.

‘ನನ್ನ ಮುಖ ಏನು ನೋಡ್ತೀಯ?’ ಎಂದ ಓಬಳಪ್ಪ. ‘ನಾನು ಮಾಡಿದೆ ಅಂತ ನಾನೆಲ್ಲಿ ಹೇಳಿದೆ? ನಮ್ಮನೆ ಒಲೆ ಅಂದೆ. ನೀನು ಕೊಟ್ಟೆ, ನಾನು ಉಟ್ಟೆ.’ ಆಮೇಲೆ ದನಿ ತಗ್ಗಿತು. ‘ಮೊದಲನೇ ವರ್ಷವೇ ಹೇಳಬೇಕಿತ್ತು. ಎರಡನೇ ವರ್ಷಕ್ಕೆ ಬಾಯಿ ಬರಲಿಲ್ಲ. ಮೂರನೇ ವರ್ಷಕ್ಕೆ ನನಗೇ ನಂಬಿಕೆ ಬಂದುಬಿಟ್ಟಿತ್ತು, ನಾನೇ ಮಾಡಿದೆನೇನೋ ಅಂತ.’

ಗಾದ್ರಮ್ಮ ಸಣ್ಣತಿಮ್ಮಪ್ಪನಿಗೆ ಅಂದಳು. ‘ಏಳು ವರ್ಷ ನಿನಗೆ ಬಡಿಸಿದೆ ತಮ್ಮಾ. ಒಲೆ ಬಗ್ಗೆ ಒಂದು ಮಾತು ಕೇಳ್ತೀಯೇನೋ ಅಂತ ಪ್ರತಿ ವರ್ಷ ಕಾದೆ. ನೀನು ನನ್ನ ಮುಖಾನೇ ನೋಡಲಿಲ್ಲ.’

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಆ ತಣ್ಣನೆಯ ಮಾತಿಗೆ ಸಣ್ಣತಿಮ್ಮಪ್ಪ ಕೂತಲ್ಲೇ ಕುಸಿದ. ತಾನು ಮಾಡಿದ ಅಷ್ಟೂ ಒಲೆಗಳು, ಕೊಂಡವರ ಕಿವಿಗೆ ಹಾಕಿದ ಅಷ್ಟೂ ಮಾತು, ಎಲ್ಲ ತಪ್ಪು ವಿಳಾಸಕ್ಕೆ ಹೋಗಿತ್ತು. ಹೆಂಡತಿಯ ಉಸಿರನ್ನು ಉಳಿಸಿಕೊಟ್ಟ ತಾಯಿ ಎದುರಿಗೇ ಅನ್ನ ಬಡಿಸುತ್ತಿದ್ದಳು, ಈ ಮುಠ್ಠಾಳ ತಟ್ಟೆ ನೋಡುತ್ತ ಉಂಡಿದ್ದ. ಗಂಡಸು ಎಂಬುದನ್ನೂ ಮರೆತು ಗಳಗಳನೆ ಅತ್ತ.

‘ಅಮ್ಮ, ತಪ್ಪಾತು. ನಿಮ್ಮ ಕೈಯಿಂದ ವೀಳ್ಯ ಕೊಡ್ರಿ. ಕೊಡದಿದ್ರೆ ನಾಳೆಯಿಂದ ಕತ್ತರಿ ಮುಟ್ಟಂಗಿಲ್ಲ ನಾನು.’

‘ಅಳಬ್ಯಾಡ, ಎದ್ದೇಳು. ಕೊಡಾಕೆ ಮುಂಚೆ ಕೆಲಸ ನೋಡಬೇಕಲ್ಲ’ ಎಂದ ಗಾದ್ರಮ್ಮ ಅವನ ತಗಡಿನ ಒಲೆಯ ಸುತ್ತ ಕೈಯಾಡಿಸಿ ನೋಡಿದಳು. ಬುಡದ ತೂತಿಗೆ ಬೆರಳಿಟ್ಟಳು. ‘ಇದು ದೊಡ್ಡದಾತು. ಗಾಳಿ ಹೆಚ್ಚಾಗಿ ಹೊಟ್ಟು ಬೇಗ ಮುಗೀತದೆ. ಒಂದು ಬೆರಳು ಕಡಿಮೆ ಮಾಡು. ಈ ಹಿಡಿಗಳು ಚೆಂದ ಅದಾವೆ. ನಂಗೆ ಹೊಳೀಲೇ ಇಲ್ಲ ನೋಡು, ಬಿಸಿ ಗಡಿಗೆ ಎತ್ತಾಕೆ ಹೋಗಿ ಎಷ್ಟು ಸಲ ಕೈ ಸುಟ್ಕಂಡೀನಿ.’ ಆಮೇಲೆ ಒಳಗೆ ಹೋಗಿ ಎರಡು ಎಲೆ, ಒಂದು ಅಡಕೆ ತಂದು ಅವನ ಅಂಗೈಯಲ್ಲಿಟ್ಟಳು. ಸಣ್ಣತಿಮ್ಮಪ್ಪ ಕಣ್ಣಿಗೊತ್ತಿಕೊಂಡ. ಹಿಂದೆ ಕೂತಿದ್ದ ಉಸ್ತಾದರು ಉಸ್ಸೆಂದು ಉಸಿರು ಬಿಟ್ಟಂತಾಯಿತು.

ಆದರೆ ಅಷ್ಟಕ್ಕೇ ಮುಗಿಯಲಿಲ್ಲ. ನಾಲ್ಕು ಜನ ನೋಡದ ಹಿತ್ತಲಿನಲ್ಲಿ ಕೈಮುಗಿದರೆ ಏಳು ವರ್ಷ ಊರೂರಲ್ಲಿ ಸಾರಿದ ತಪ್ಪು ತೊಳೆದುಹೋಗುತ್ತದೆಯೇ? ಅವನು ಗಾದ್ರಮ್ಮನನ್ನೂ ಓಬಳಪ್ಪನನ್ನೂ ಚನ್ನಗಿರಿಗೆ ಕರೆದ. ಗಾದ್ರಮ್ಮ ಮೊದಲು ಬೇಡವೆಂದಳು. ‘ನಿನ್ನ ಕೈಲಿ ಹೊಟ್ಟು ನಿಲ್ತದೋ ಇಲ್ಲವೋ, ಬರ್ತೀನಿ’ ಎಂದು ಆಮೇಲೆ ಒಪ್ಪಿದಳು.

ಪ್ರದರ್ಶನದ ದಿನ ಚನ್ನಗಿರಿಯಲ್ಲಿ ಜನವೋ ಜನ. ನಲ್ಲೂರಿನಿಂದ, ಕತ್ತಲಗೆರೆಯಿಂದ ಗಾಡಿ ಕಟ್ಟಿಕೊಂಡು ಬಂದಿದ್ದರು. ಕಂಬಳಿ, ಬೀಗ, ನೇಗಿಲು, ಬುಟ್ಟಿ, ಎಲ್ಲ ಸಾಲಾಗಿ ಇಟ್ಟಿದ್ದರು. ಗಾದ್ರಮ್ಮ ಬೆಳಿಗ್ಗೆಯೇ ಒಲೆ ತುಂಬಿ ಬಿಸಿಲಿಗಿಟ್ಟು, ಅಮಲ್ದಾರರು ಬರುವ ಹೊತ್ತಿಗೆ ಕಿಡಿಯಿಟ್ಟಳು. ವಿರೂಪಾಕ್ಷಪ್ಪನವರಿಗೆ ಖುಷಿಯೋ ಖುಷಿ. ‘ಅಡುಗೆಗೆ ಒಳ್ಳೇ ಹೆಂಗಸನ್ನ ಕರ್ಕಂಡು ಬಂದೀಯ’ ಎಂದು ಸಣ್ಣತಿಮ್ಮಪ್ಪನ ಭುಜ ತಟ್ಟಿದರು. ಅನ್ನ ಕುದಿಯಿತು. ಒಲೆ ಕುಸಿಯಲಿಲ್ಲ, ಹೊಗೆಯಲಿಲ್ಲ. ಜಗಳಕ್ಕೆಂದೇ ಬಂದು ನಿಂತಿದ್ದ ಕತ್ತಲಗೆರೆಯ ಚೌಡಮ್ಮ ಬಗ್ಗಿ ಬಗ್ಗಿ ನೋಡಿ, ‘ಎಲಾ ಇದರ!’ ಎಂದಳು.

ಅಮಲ್ದಾರರು ಅನ್ನದ ಅಗುಳು ಹಿಸುಕಿ ನೋಡಿ ಮೆಚ್ಚಿದರು. ಸಣ್ಣತಿಮ್ಮಪ್ಪ ತುಂಬಿಕೊಟ್ಟಿದ್ದ ಅರ್ಜಿಯ ಕಾಗದ ನೋಡಿ, ‘ಕಂಡುಹಿಡಿದವರು ಅನ್ನುವ ಜಾಗ ಖಾಲಿ ಇದೆಯಲ್ಲ, ಯಾರು ಇದನ್ನು ಕಂಡುಹಿಡಿದವರು?’ ಎಂದರು.

ವಿರೂಪಾಕ್ಷಪ್ಪನವರು ಶಲ್ಯ ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದರು. ಬಂದು, ಸಣ್ಣತಿಮ್ಮಪ್ಪನ ಕಡೆ ಒಂದು ನೋಟ ಬಿಟ್ಟರು. ಆ ನೋಟದಲ್ಲಿ ಡಬ್ಬಿಗಳಿದ್ದವು. ಸಣ್ಣತಿಮ್ಮಪ್ಪನಿಗೆ ನಾಳೆಯ ಊಟ ಕಣ್ಣ ಮುಂದೆ ಬಂತು. ಆದರೆ ಅದಕ್ಕಿಂತ ಮುಂದೆ, ಒಲೆಯ ಪಕ್ಕ, ಯಾರೂ ತನ್ನನ್ನು ಕೇಳುವುದಿಲ್ಲವೆಂದು ಗೊತ್ತಿದ್ದು ಸೌಟು ತೊಳೆಯುತ್ತ ಕೂತಿದ್ದ ಗಾದ್ರಮ್ಮ ಕಂಡಳು.

‘ಈ ತಾಯಿ, ಸ್ವಾಮಿ’ ಎಂದ. ದನಿ ತಾನು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿಯೇ ಬಂತು. ‘ಜಗಳೂರಿನ ಗಾದ್ರಮ್ಮ. ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಜನರೆಲ್ಲ ಕೇಳ್ರಿ! ನಾನು ಇಷ್ಟು ವರ್ಷ ನಿಮಗೆ ಹೇಳಿದ್ದು ತಪ್ಪು. ಕಲಿಸಿದೋರು ಈ ತಾಯಿ. ನಾನು ಕೇಳದೇ ಹೋದೆ, ತಪ್ಪು ನಂದು. ನಮ್ಮನೆ ಹೆಂಗಸು ಇವತ್ತು ಉಸಿರಾಡ್ತಾ ಇದ್ರೆ ಈ ಅಮ್ಮನ ಪುಣ್ಯ.’

ಗುಜುಗುಜು ಎದ್ದಿತು. ಕೆಲವರು ನಕ್ಕರು. ವಿರೂಪಾಕ್ಷಪ್ಪನವರ ಮುಖ ಕೆಂಪಾಯಿತು. ಅಮಲ್ದಾರರು ಗಾದ್ರಮ್ಮನನ್ನು ಮುಂದಕ್ಕೆ ಕರೆದು, ‘ಹೌದೇನಮ್ಮ? ಇದನ್ನು ನೀವು ಕಂಡುಹಿಡಿದಿರಾ?’ ಎಂದು ಕೇಳಿದರು.

ಗಾದ್ರಮ್ಮ ಸೆರಗಿಗೆ ಕೈ ಒರೆಸಿಕೊಂಡು ಎದ್ದಳು. ‘ಕಂಡುಹಿಡಿಯೋದು ಅಂದ್ರೆ ಏನೋ ನಂಗೊತ್ತಿಲ್ಲ ಸ್ವಾಮಿ. ಗಡಿಗೆ ಒಲೆ ನಾನು ಮಾಡಿದ್ದು ನಿಜ. ಅದರಿಂದ ನನ್ನೊಬ್ಬಳ ಮನೆ ಹೊಗೆ ಹೋತು. ಈ ತಮ್ಮ ತಗಡಿನಾಗೆ ಮಾಡಿದ್ದಕ್ಕೆ ಅಷ್ಟು ಮನೆ ಹೊಗೆ ಹೋತು. ಈ ಸಾವ್ಕಾರ್ರು ಡಬ್ಬಿ ಕೊಡದಿದ್ರೆ ತಮ್ಮನಾದರೂ ಏನು ಕತ್ತರಿಸ್ತಿದ್ದ? ನನ್ನ ಹೆಸರು ಬರೆಯೋದಾದ್ರೆ ಇವರಿಬ್ಬರದೂ ಬರೀರಿ. ಯಾರ ಹೆಸರೂ ಬಿಟ್ಟುಹೋಗಬಾರದು. ಬಿಟ್ಟುಹೋದ್ರೆ ಹೆಂಗಾಗ್ತದೆ ಅಂತ ನಂಗೊತ್ತು.’

ವಿರೂಪಾಕ್ಷಪ್ಪನವರು ಬಂದ ಸಿಟ್ಟನ್ನು ಎಲ್ಲಿಡಬೇಕೆಂದು ತಿಳಿಯದೆ ಕೆಮ್ಮಿದರು. ‘ಬರೀರಿ, ಬರೀರಿ, ಆಯಮ್ಮನ ಹೆಸರೇ ಮೊದಲು ಬರೀರಿ’ ಎಂದರು. ಆಮೇಲೆ ಸಣ್ಣತಿಮ್ಮಪ್ಪನ ಕಿವಿಯ ಹತ್ತಿರ ಬಂದು, ‘ಸೋಮವಾರ ಬಂದು ಡಬ್ಬಿ ತಗಂಡು ಹೋಗು’ ಎಂದು ಗೊಣಗಿದರು. ಚೌಡಮ್ಮ ಜನರನ್ನು ನೂಕಿಕೊಂಡು ಬಂದು ಗಾದ್ರಮ್ಮನ ಎರಡೂ ಕೈ ಹಿಡಿದುಕೊಂಡಳು. ಅವಳ ಹಿಂದೆ ಇನ್ನೂ ಹತ್ತಾರು ಹೆಂಗಸರು. ನಮ್ಮನೇಲೂ ಐತೆ, ನಮ್ಮನೇಲೂ ಐತೆ ಎಂದು ಒಬ್ಬೊಬ್ಬರೂ ಹೇಳುವವರೇ. ಗಾದ್ರಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಸಣ್ಣತಿಮ್ಮಪ್ಪ ದೂರ ನಿಂತು, ಇದನ್ನು ನೋಡಲು ದ್ಯಾಮಮ್ಮನನ್ನೂ ಕರೆತರಬೇಕಿತ್ತೆಂದು ಕೈ ಹಿಸುಕಿಕೊಂಡ.

ಮೂವರಿಗೂ ಬೇರೆ ಬೇರೆ ಯೋಗ್ಯತಾಪತ್ರ ಬರೆಯಲು ಅಮಲ್ದಾರರು ಹೇಳಿ ಹೋದರು. ಗುಮಾಸ್ತ ಮೇಜಿನ ಮುಂದೆ ಕೂತು ಗಾದ್ರಮ್ಮನದನ್ನೇ ಮೊದಲು ಎತ್ತಿಕೊಂಡ. ‘ಗಂಡನ ಹೆಸರೇನಮ್ಮ?’ ಎಂದು ತಲೆಯೆತ್ತದೆ ಕೇಳಿದ. ಗಂಡನ ಹೆಸರನ್ನು ಗಾದ್ರಮ್ಮ ಹೇಳುವಂತಿಲ್ಲ, ಸಣ್ಣತಿಮ್ಮಪ್ಪನೇ ಹೇಳಿದ. ಗುಮಾಸ್ತ ದುಂಡಗಿನ ಅಕ್ಷರದಲ್ಲಿ ‘ಶ್ರೀ ಓಬಳಪ್ಪನವರ ಧರ್ಮಪತ್ನಿ’ ಎಂದು ಬರೆದು, ಮುಂದೆ ಆಕೆಯ ಹೆಸರು ಬರೆಯಲು ಲೇಖನಿಯನ್ನು ಮಸಿಗೆ ಅದ್ದಿದ.

ಅಷ್ಟು ಹೊತ್ತು ಕಂಬದ ಮರೆಯಲ್ಲಿ ನಿಂತಿದ್ದ ಓಬಳಪ್ಪ ಮೇಜಿನ ಹತ್ತಿರ ಬಂದ.

‘ಏನು ಬರೆದ್ರಿ, ಓದ್ರಿ ಸ್ವಾಮಿ’ ಎಂದ.

ಗುಮಾಸ್ತ ಓದಿದ.

‘ಅದನ್ನ ತೆಗೀರಿ.’

‘ಯಾಕಯ್ಯಾ? ನೀನು ಯಾರು?’

‘ಆ ಓಬಳಪ್ಪ ನಾನೇ.’

‘ಮತ್ತೇನು? ಹೆಂಗಸರ ಹೆಸರಿನ ಮುಂದೆ ಗಂಡನ ಹೆಸರು ಇರಬೇಕು. ರೂಢಿ ಅದು.’

‘ರೂಢಿ ಇರಬಹುದು ಸ್ವಾಮಿ’ ಎಂದ ಓಬಳಪ್ಪ. ‘ಏಳು ವರ್ಷ ಆಕೆ ಒಲೆ ಮೇಲೆ ನನ್ನ ಹೆಸರೇ ಇತ್ತು. ಈ ಕಾಗದದ ಮೇಲಾದರೂ ಆಕೆ ಒಬ್ಬಳೇ ಇರಲಿ.’

ಗುಮಾಸ್ತ ಮೊದಲ ಸಲ ತಲೆಯೆತ್ತಿ ಅವನನ್ನು ನೋಡಿದ, ಪಕ್ಕದಲ್ಲಿ ನಿಂತಿದ್ದ ಗಾದ್ರಮ್ಮನನ್ನೂ ನೋಡಿದ. ಬರೆದ ಹಾಳೆಯನ್ನು ಮಡಿಚಿ ಪಕ್ಕಕ್ಕಿಟ್ಟು, ಬೇರೆ ಹಾಳೆ ತೆಗೆದುಕೊಂಡ.